ಬಿಸಿಲಿಗೆ ಕಟ್ಟಿದ ರುಮಾಲು

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಅನ್ನುತ್ತಾರೆ. ಅದು ಹೋದ ಮೇಲೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಬಿಸಿಲಿನದೇ ಆಳ್ವಿಕೆ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ಮುಟ್ಟುತ್ತದೆ, ಒಮ್ಮೊಮ್ಮೆ ದಾಟುತ್ತದೆ. ಕೃಷ್ಣೆ ಮತ್ತು ಘಟಪ್ರಭೆ ಎರಡೂ ಹರಿಯುವ ನೆಲವಾದರೂ ಹೊಳೆಯ ದಂಡೆ ಬಿಟ್ಟು ಒಂದಿಷ್ಟು ಮೇಲೆ ಬಂದರೆ ಎರೆಹೊಲ, ಅಲ್ಲಲ್ಲಿ ಜಾಲಿ, ಬೇವು. ಇಂಥ ಬಯಲಿನಲ್ಲಿ ಮನುಷ್ಯ ತನ್ನ ನೆರಳನ್ನು ತಾನೇ ಹೊತ್ತುಕೊಂಡು ತಿರುಗಬೇಕು. ಹಾಗೆ ಹೊತ್ತ ನೆರಳಿಗೆ ನಮ್ಮ ಜನ ರುಮಾಲು ಅಂದರು, ಪಟಗಾ ಅಂದರು. ಇವತ್ತು ನಾನು ಮಾತಾಡಬೇಕೆಂದಿರುವುದು ಆ ರುಮಾಲಿನ ವಿಷಯ.

ಬಿಸಿಲಿನ ನಾಡುಗಳೆಲ್ಲ ತಲೆಗೊಂದು ದಾರಿ ಕಂಡುಕೊಂಡಿವೆ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದವರು ಟೊಕಿಯಾ ಎಂಬ ಗಿಡದ ಎಲೆಯನ್ನು ಎಳೆಎಳೆಯಾಗಿ ಸೀಳಿ, ಒಣಗಿಸಿ, ಕೈಯಿಂದಲೇ ಹೆಣೆದು ಟೊಪ್ಪಿಗೆ ಮಾಡುತ್ತಾರೆ. ಪನಾಮಾ ಬಂದರಿನ ಮೂಲಕ ಮಾರಾಟಕ್ಕೆ ಹೋದ ಕಾರಣ ಲೋಕವೆಲ್ಲ ಅದನ್ನು ಪನಾಮಾ ಹ್ಯಾಟು ಅಂದಿತು. ಆ ಹೆಣಿಗೆಯ ವಿದ್ಯೆಯನ್ನು 2012ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಅಮೆರಿಕದ ಪಟ್ಟಣಗಳಲ್ಲಂತೂ ಹುಲ್ಲಿನ ಟೊಪ್ಪಿಗೆಗೆ ತಿಥಿವಾರದ ಕಟ್ಟಳೆಯೇ ಇತ್ತು. ಮೇ ತಿಂಗಳ ನಡುವೆ ಹಾಕಲು ಸುರು ಮಾಡಬೇಕು, ಸಪ್ಟೆಂಬರ್ 15ಕ್ಕೆ ತೆಗೆದಿಡಬೇಕು. ಗಡುವು ಮೀರಿ ಹಾಕಿಕೊಂಡವರ ಟೊಪ್ಪಿಗೆಯನ್ನು ಹುಡುಗರು ಕಿತ್ತು ತುಳಿಯುತ್ತಿದ್ದರು. 1922ರಲ್ಲಿ ನ್ಯೂಯಾರ್ಕಿನ ಹುಡುಗರು ಗಡುವಿಗೆ ಎರಡು ದಿನ ಮೊದಲೇ ಕೈ ಹಾಕಿದ್ದರಿಂದ ದೊಡ್ಡ ಗಲಭೆಯಾಯಿತು, ಪೊಲೀಸರು ಬರಬೇಕಾಯಿತು.

ನಮ್ಮ ಕನ್ನಡನಾಡಿನಲ್ಲೂ ಎಲೆಯ, ಹಾಳೆಯ ಟೊಪ್ಪಿಗೆಗಳಿವೆ. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಅಡಿಕೆಯ ಹಾಳೆಯನ್ನು ಮಡಿಸಿ ಮುಟ್ಟಾಳೆ ಮಾಡುತ್ತಾರೆ. ಬಿಸಿಲಿಗೂ ಅದೇ, ತಲೆಹೊರೆಗೂ ಅದೇ. ಮಲೆನಾಡಿನಲ್ಲಿ ಬಿದಿರಿನ ಚೌಕಟ್ಟಿಗೆ ಎಲೆ ಹೊದಿಸಿ ಮಾಡಿದ ಗೊರಬು ಇತ್ತು. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರ ಬೆನ್ನು ತುಂಬ ಅದು ಮಳೆಗೆ ಮರೆಯಾಗುತ್ತಿತ್ತು. ಆದರೆ ನಮ್ಮ ಬಯಲುಸೀಮೆಯಲ್ಲಿ ಹುಲ್ಲಿನ ಟೊಪ್ಪಿಗೆ ಏಕೆ ಬೆಳೆಯಲಿಲ್ಲ? ಕಾರಣ ಕಣದಲ್ಲೇ ಇದೆ. ಇಲ್ಲಿಯದು ಜೋಳದ ಬೆಳೆ. ಜೋಳದ ಕಣಿಕೆ ದಪ್ಪ, ಒರಟು, ಹೆಣೆಯಲು ಬಗ್ಗುವುದಿಲ್ಲ. ಬಗ್ಗಿದ್ದರೂ ಅದು ತಲೆಗೇರುತ್ತಿರಲಿಲ್ಲ, ಬಣವೆಗೆ ಹೋಗುತ್ತಿತ್ತು. ಬ್ಯಾಸಗಿಯಲ್ಲಿ ಎತ್ತಿನ ಹೊಟ್ಟೆಗೆ ಕಣಿಕೆಯೊಂದೇ ಆಸರೆಯಾಗಿರುವಾಗ ಅದನ್ನು ಟೊಪ್ಪಿಗೆಗೆ ಕೊಡುವ ರೈತ ನಮ್ಮಲ್ಲಿ ಹುಟ್ಟಿಲ್ಲ. ಎರೆಭೂಮಿ ಇನ್ನೊಂದನ್ನು ಧಾರಾಳವಾಗಿ ಕೊಟ್ಟಿತು. ಅದು ಹತ್ತಿ. ಹತ್ತಿಯ ಹಿಂದೆ ರಾಟಿ, ರಾಟಿಯ ಹಿಂದೆ ಮಗ್ಗ. ಹುಲ್ಲಿನ ನಾಡು ಹುಲ್ಲು ಹೆಣೆಯಿತು, ಹತ್ತಿಯ ನಾಡು ಅರಿವೆ ಸುತ್ತಿತು.

ರಬಕವಿ, ಬನಹಟ್ಟಿಗಳ ಹೆಸರು ಹೇಳಿದರೆ ಈಗ ಎಲ್ಲರಿಗೂ ಸೀರೆ ನೆನಪಾಗುತ್ತದೆ. ಓಣಿಯಲ್ಲಿ ಕಾಲಿಟ್ಟರೆ ಮನೆಮನೆಯಿಂದ ಮಗ್ಗದ ಸಪ್ಪಳ. ಹಟಗಾರರು, ದೇವಾಂಗದವರು, ಕುರುಹಿನಶೆಟ್ಟರು, ಪದ್ಮಶಾಲಿಗಳು, ಸ್ವಕುಳಸಾಳಿಯವರು, ಹೀಗೆ ಎಷ್ಟೋ ನೇಕಾರ ಮನೆತನಗಳು ಈ ಸೀಮೆಯಲ್ಲಿ ತಲೆಮಾರುಗಟ್ಟಲೆ ಲಾಳಿ ಹಿಡಿದಿವೆ. ಒಂದಕ್ಕೊಂದು ಅಂಟಿಕೊಂಡ ಈ ಎರಡು ಊರುಗಳು ಸಂಸ್ಥಾನದ ಕಾಲದಲ್ಲಿ ಇಬ್ಬರು ಅರಸರ ಕೈಯಲ್ಲಿದ್ದವು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಬನಹಟ್ಟಿ ಜಮಖಂಡಿಗೆ. ಹತ್ತಿರದ ಮಹಾಲಿಂಗಪುರ ಮುಧೋಳದ ಘೋರ್ಪಡೆಯವರದು. ಮೂರು ಸಂಸ್ಥಾನಗಳ ಗಡಿಯನ್ನು ದಾಟಿಕೊಂಡೇ ನೂಲು ಬರುತ್ತಿತ್ತು, ಅರಿವೆ ಹೋಗುತ್ತಿತ್ತು. ನೇಕಾರರ ಮನೆಯಲ್ಲಿ ಹೆಣ್ಣುಮಕ್ಕಳು ಕಂಡಿಕೆ ಸುತ್ತುವುದು, ಹಾಸಿಗೆ ಗಂಜಿ ಹಚ್ಚುವುದು, ಹಿರಿಯರು ಅಣಿ ಕಟ್ಟುವುದು, ಇದೆಲ್ಲ ಮುಗಿದು ಮಗ್ಗದಿಂದ ಇಳಿದ ಅರಿವೆಯೇ ಒಕ್ಕಲಿಗನ ತಲೆಗೆ ಏರುತ್ತಿತ್ತು.

ಅರಮನೆಯ ತಲೆ ಮಾತ್ರ ಬೇರೆ. 1811ರಲ್ಲಿ ಬೇರೆಯಾಗಿ ನಿಂತ ಜಮಖಂಡಿ ಸಂಸ್ಥಾನ ಪಟವರ್ಧನ ಮನೆತನದ್ದು. ಆ ಮನೆತನದ ನಂಟು ಪುಣೆಯ ಪೇಶ್ವೆಯರ ಜೊತೆ. ಹಾಗಾಗಿ ದರಬಾರಿಗೆ ಪುಣೆಯ ಪಗಡಿಯ ರೂಢಿ ಬಂತು. ಪಗಡಿಯನ್ನು ದಿನಾಲು ಸುತ್ತುವುದಿಲ್ಲ. ಅದಕ್ಕೆಂದೇ ಇರುವ ಕಸಬುದಾರರು ಅಚ್ಚಿನ ಮೇಲೆ ಬಿಗಿದು, ಹೊಲಿದು ಗಟ್ಟಿ ಮಾಡಿ ಕೊಡುತ್ತಾರೆ. ಎತ್ತಿ ತಲೆಗಿಟ್ಟುಕೊಂಡರೆ ಆಯಿತು. ಅದು ಪದವಿಯ ಗುರುತು, ಬಿಸಿಲಿಗೆ ಹುಟ್ಟಿದ್ದಲ್ಲ. ಬ್ರಿಟಿಷ್ ಅಧಿಕಾರಿ ಸಂಸ್ಥಾನದ ಲೆಕ್ಕ ನೋಡಲು ಬಂದಾಗ ಅವನ ತಲೆಯ ಮೇಲೆ ಸೋಲಾ ಹ್ಯಾಟು. ಬಂಗಾಲದ ಜೌಗು ನೆಲದಲ್ಲಿ ಬೆಳೆಯುವ ಗಿಡದ ಬೆಂಡಿನಿಂದ ಮಾಡಿದ್ದು, ಹಗುರ, ಬಿಸಿಲಿನ ತಾಪವನ್ನು ಒಳಗೆ ಬಿಡುವುದಿಲ್ಲ. ನಮ್ಮವರೂ ಬೆಂಡು ಬಲ್ಲವರೇ, ಆದರೆ ಅದನ್ನು ಮದುಮಕ್ಕಳ ಬಾಸಿಂಗಕ್ಕೆ ಇಟ್ಟರು. ಆ ಹ್ಯಾಟಿನಿಂದ ಇನ್ನೇನೂ ಕೆಲಸವಾಗುವುದಿಲ್ಲ, ತಲೆ ಮುಚ್ಚುವುದೊಂದೇ. ರುಮಾಲಿನ ಮುಂದೆ ಅದು ಬಡವ ಎಂದೇ ನನ್ನ ಅಭಿಪ್ರಾಯ.

ಏಕೆಂದು ಹೇಳುತ್ತೇನೆ. ಹೊಲಕ್ಕೆ ಹೋಗುವ ರೈತ ರುಮಾಲು ಸುತ್ತುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಅರಿವೆಯ ಉದ್ದ ಏಳೆಂಟು ಮೊಳದಿಂದ ಹಿಡಿದು ಇಪ್ಪತ್ತು ಮೊಳದವರೆಗೂ ಇರಬಹುದು. ಒಂದು ತುದಿಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಾನೆ. ಉಳಿದದ್ದನ್ನು ಎರಡೂ ಕೈಯಿಂದ ಸಡಿಲವಾಗಿ ಹುರಿ ಮಾಡುತ್ತಾ ಹಣೆಯ ಮೇಲಿಂದ ಕಿವಿಯ ಮೇಲ್ಗಡೆಗೆ, ಅಲ್ಲಿಂದ ಹಿಂದಲೆಗೆ ತರುತ್ತಾನೆ. ಎರಡನೆಯ ಸುತ್ತು ಮೊದಲನೆಯದರ ಮೇಲೆ ನೇರವಾಗಿ ಕೂರುವುದಿಲ್ಲ, ಅರ್ಧ ಬೆರಳು ಸರಿದು ಓರೆಯಾಗಿ ಕೂರುತ್ತದೆ. ಆ ಓರೆಯಿಂದಲೇ ರುಮಾಲು ಬಿಗಿ ಹಿಡಿಯುವುದು. ಗಾಳಿಗೆ ಹಾರುವುದಿಲ್ಲ, ಬಗ್ಗಿ ಕಳೆ ತೆಗೆದರೂ ಜಾರುವುದಿಲ್ಲ. ಕೊನೆಗೆ ಹಲ್ಲಿನಲ್ಲಿದ್ದ ತುದಿಯನ್ನು ನೆತ್ತಿಯ ಮೇಲೆ ಹಾಸಿ ಹಿಂದೆ ಸಿಗಿಸುತ್ತಾನೆ. ಇನ್ನೊಂದು ತುದಿ ಚುಂಗಾಗಿ ಬೆನ್ನ ಮೇಲೆ ಇಳಿಯುತ್ತದೆ. ಹಬ್ಬಕ್ಕೆ, ಜಾತ್ರೆಗೆ ಸುತ್ತುವಾಗ ಹುರಿ ಮಾಡುವುದಿಲ್ಲ, ನಿರಿಗೆ ಹಿಡಿದು ಚಪ್ಪಟೆಯಾಗಿ ಸುತ್ತುತ್ತಾರೆ. ಕೆಲವರು ಮೊದಲು ಮೊಳಕಾಲಿಗೆ ಸುತ್ತಿ, ಹದ ನೋಡಿ, ಆಮೇಲೆ ತಲೆಗೆ ಇಟ್ಟುಕೊಳ್ಳುತ್ತಾರೆ. ಕನ್ನಡಿ ಬೇಕಾಗುವುದಿಲ್ಲ. ಬೆರಳಿಗೇ ತಲೆಯ ಅಳತೆ ಗೊತ್ತಿರುತ್ತದೆ.

ಸುತ್ತಿನ ನಡುವೆ ನಿಂತ ಗಾಳಿಯೇ ತಾಪವನ್ನು ತಡೆಯುವುದು. ನೆತ್ತಿಯ ಬೆವರನ್ನು ಹತ್ತಿ ಹೀರಿಕೊಳ್ಳುತ್ತದೆ, ಬಿಸಿಗಾಳಿ ಬೀಸಿದಾಗ ಆ ಬೆವರು ಆರುತ್ತಾ ತಲೆಯನ್ನು ತಣ್ಣಗಿಡುತ್ತದೆ. ಹರವಿ ಕಟ್ಟಿದ ರುಮಾಲನ್ನು ಮಧ್ಯಾಹ್ನ ಬಾವಿಯ ನೀರಿನಲ್ಲಿ ಅದ್ದಿ ಹಿಂಡಿ ಮತ್ತೆ ಸುತ್ತಿಕೊಂಡರೆ ಇನ್ನೆರಡು ತಾಸು ಧೈರ್ಯ. ಚುಂಗು ಕುತ್ತಿಗೆಯ ಹಿಂಭಾಗವನ್ನು ಮುಚ್ಚುತ್ತದೆ. ಧೂಳೆದ್ದರೆ ಅದನ್ನೇ ಮೂಗಿಗೆ ಎಳೆದುಕೊಳ್ಳಬಹುದು. ತೂರುವಾಗ, ರಾಶಿ ಮಾಡುವಾಗ ಹೊಟ್ಟಿನಿಂದ ಕಿವಿ ಕಾಯುವುದೂ ಅದೇ. ಅಷ್ಟಕ್ಕೇ ಮುಗಿಯಲಿಲ್ಲ. ಬಿಚ್ಚಿದರೆ ಅದು ಬುತ್ತಿಯ ಗಂಟು, ಹೊರೆಯ ಕೆಳಗಿನ ಸಿಂಬಿ, ಬಾವಿಯಲ್ಲಿ ಹಗ್ಗ ಗಿಡ್ಡಾದರೆ ಜೋಡಿಸುವ ಅರಿವೆ, ಬೇವಿನ ಗಿಡದ ಬುಡದಲ್ಲಿ ಹಾಸಿಗೆ, ಮೈ ಕೈ ಉಳುಕಿದರೆ ಪಟ್ಟಿ. ಅದರ ಮಡಿಕೆಯಲ್ಲಿ ದುಡ್ಡು ಇರುತ್ತಿತ್ತು, ಸಂತೆಯ ಚೀಟಿ ಇರುತ್ತಿತ್ತು, ಬೀಡಿ-ಕಡ್ಡಿಪೆಟ್ಟಿಗೆ ಇರುತ್ತಿತ್ತು. ಹಳೆಯದಾದ ಮೇಲೆ ತೊಟ್ಟಿಲಿಗೆ ಹೋಗುತ್ತಿತ್ತು. ಹೆಣ್ಣುಮಕ್ಕಳಿಗೆ ಸೆರಗೇ ನೆರಳು. ಆದರೂ ಕಳೆ ತೆಗೆಯುವಾಗ, ಕಬ್ಬು ಕಡಿಯುವಾಗ ಗಂಡನ ಹಳೆಯ ರುಮಾಲನ್ನು ಸೆರಗಿನ ಮೇಲೆ ಬಿಗಿದುಕೊಂಡವರನ್ನು ಮುಧೋಳ, ಜಮಖಂಡಿಯ ಕಬ್ಬಿನ ಹೊಲಗಳಲ್ಲಿ ಇಂದಿಗೂ ನೋಡಬಹುದು. ಕಬ್ಬಿನ ರವದಿ ಮುಖ ಕೊಯ್ಯುತ್ತದೆ. ಅರಿವೆ ಇಲ್ಲದೆ ಆ ಹೊಲದೊಳಗೆ ಹೋಗುವುದೇ ಕಷ್ಟ.

ಬಳಕೆ ಇಷ್ಟಿದ್ದ ಮೇಲೆ ರೀತಿ-ರಿವಾಜು ಕೂಡಿಕೊಳ್ಳಲೇಬೇಕು. ಗಂಡುಕೂಸಿನ ತಲೆಗೆ ಮೊದಲು ಏರುವುದು ಕುಲಾವಿ. ಮದುವೆಯ ದಿನ ಹಿರಿಯರು ರುಮಾಲು ಸುತ್ತಿ, ಅದರ ಮೇಲೆ ಬಾಸಿಂಗ ಕಟ್ಟುತ್ತಾರೆ. ಮದುವೆಯಲ್ಲಿ ಆಯೇರಿ ಮಾಡುವಾಗ ಹೆಣ್ಣುಮಕ್ಕಳಿಗೆ ಸೀರೆ, ಕುಪ್ಪಸದ ಖಣ, ಗಂಡಸರಿಗೆ ರುಮಾಲು. ಈಗ ಅದು ಟಾವೆಲು-ಟೊಪ್ಪಿಗಿ ಆಗಿದೆ. ಒಬ್ಬರಿಗೆ ಆಯೇರಿ ತಪ್ಪಿತೆಂದರೆ ಬೀಗರ ನಡುವೆ ವರ್ಷಗಟ್ಟಲೆ ಮಾತು ನಿಲ್ಲುತ್ತದೆ. ಅರಿವೆಯ ಬೆಲೆ ದೊಡ್ಡದಲ್ಲ. ನನ್ನ ತಲೆಯನ್ನು ನೀವು ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬ ನೋವು ದೊಡ್ಡದು. ಇನ್ನೊಬ್ಬರ ರುಮಾಲನ್ನು ದಾಟಬಾರದು, ತುಳಿಯಬಾರದು. ಮಠಕ್ಕೆ ಹೋದಾಗ, ಹಿರಿಯರ ಮುಂದೆ ನಿಂತಾಗ ಬರಿದಲೆ ಇರಬಾರದು. ತಪ್ಪು ಮಾಡಿದವನು ಪಂಚರ ಮುಂದೆ ತನ್ನ ರುಮಾಲು ತೆಗೆದು ಕಾಲ ಬಳಿ ಇಟ್ಟರೆ ಅದಕ್ಕಿಂತ ದೊಡ್ಡ ಶರಣಾಗತಿ ಇರಲಿಲ್ಲ. ಅದನ್ನು ಎತ್ತಿ ಅವನ ತಲೆಗೆ ಮರಳಿ ಇಟ್ಟರೆ ಜಗಳ ಅಲ್ಲಿಗೆ ಮುಗಿಯಿತು ಎಂದೇ ಅರ್ಥ. ಕಾಗದ ಬರೆಯುವ ಅಗತ್ಯ ಇರಲಿಲ್ಲ.

ಜಾತ್ರೆಯ ಕಣದಲ್ಲಿಯೂ ಹಾಗೆಯೇ. ಈ ಸೀಮೆ ಗರಡಿಮನೆಗಳ ಸೀಮೆ. ಗೆದ್ದ ಪೈಲವಾನನಿಗೆ ಬೆಳ್ಳಿ ಕಡೆ ಎಷ್ಟು ಮುಖ್ಯವೋ ತಲೆಗೆ ಸುತ್ತುವ ಪಟಗಾ ಅಷ್ಟೇ ಮುಖ್ಯ. ಸಂಗ್ರಾಣಿ ಕಲ್ಲು ಎತ್ತಿದವನಿಗೂ ಊರ ಹಿರಿಯರು ಅಲ್ಲೇ, ಬೆವರು ಆರುವ ಮುಂಚೆ, ರುಮಾಲು ಸುತ್ತುತ್ತಾರೆ. ಗೀಗೀ ಮೇಳದವರು, ಲಾವಣಿ ಹಾಡುವವರು ರುಮಾಲಿಲ್ಲದೆ ಅಟ್ಟ ಹತ್ತುವುದಿಲ್ಲ. ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ಹತಾರ ಒಪ್ಪಿಸಲು ಒಪ್ಪದೆ ಬ್ರಿಟಿಷರಿಗೆ ಎದುರು ನಿಂತ ಕಥೆಯನ್ನು ನಾಡಿಗೆಲ್ಲ ಮುಟ್ಟಿಸಿದವರು ಈ ಹಾಡುಗಾರರೇ. ಹಾಲುಮತದ ಕುರಿಗಾರರ ರುಮಾಲು ಬೇರೆ ಬಗೆ, ಬೀಳಗಿ ಕಡೆಯ ತಾಂಡಾಗಳ ಲಂಬಾಣಿ ಹಿರಿಯರ ಕೆಂಪು ಪಟಗಾ ಬೇರೆ ಬಗೆ. ದೂರದಿಂದ ಸುತ್ತು ನೋಡಿಯೇ ಬರುವವರು ಯಾವ ಕಡೆಯವರೆಂದು ಹೇಳುವ ಹಿರಿಯರಿದ್ದರು.

ಬಿಳಿ ಟೊಪ್ಪಿಗೆ ಬಂದದ್ದು ಸ್ವಾತಂತ್ರ್ಯದ ಹೋರಾಟದ ಜೊತೆ. 1915ರಲ್ಲಿ ಆಫ್ರಿಕಾದಿಂದ ಮರಳಿದಾಗ ಗಾಂಧೀಜಿಯವರ ತಲೆಯ ಮೇಲೆ ಇದ್ದದ್ದು ಕಾಠಿಯಾವಾಡದ ದೊಡ್ಡ ರುಮಾಲು. 1920ರ ಹೊತ್ತಿಗೆ ಖಾದಿಯ ಬಿಳಿ ಟೊಪ್ಪಿಗೆ ಚಳವಳಿಯ ಗುರುತಾಯಿತು. ರುಮಾಲಿಗೆ ಹತ್ತಾರು ಮೊಳ ಬೇಕು, ಟೊಪ್ಪಿಗೆಗೆ ಒಂದು ತುಂಡು ಸಾಕು. ಒಗೆಯುವುದು ಸುಲಭ, ಮಡಿಸಿ ಜೇಬಿನಲ್ಲಿ ಇಡಬಹುದು, ಸಾಹುಕಾರನಿಗೂ ಕೂಲಿಯವನಿಗೂ ಒಂದೇ ಆಕಾರ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಅವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಅದರ ಬಿಸಿ ಸಂಸ್ಥಾನಗಳ ಊರುಗಳಿಗೂ ತಟ್ಟಿತು. ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, ದೇಶದ ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲವು ತಿಂಗಳು ರಾಷ್ಟ್ರಪತಿಯ ಹೊಣೆಯನ್ನೂ ಹೊತ್ತರು. ಅವರ ಚಿತ್ರ ನೆನೆದರೆ ಬಿಳಿ ಟೊಪ್ಪಿಗೆ ಕಣ್ಣಿಗೆ ಬರುತ್ತದೆ. ಅದೇ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ಇಂದಿಗೂ ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿ ನೇಯುತ್ತಾರೆ. ಟೊಪ್ಪಿಗೆಯ ಮೇಲೆ ನನಗೆ ಗೌರವವಿದೆ. ಆದರೆ ಬಿಸಿಲಿನ ಲೆಕ್ಕಕ್ಕೆ ಬಂದರೆ ಅದು ನೆತ್ತಿ ಮಾತ್ರ ಮುಚ್ಚುತ್ತದೆ, ಕಿವಿ ಮತ್ತು ಕುತ್ತಿಗೆಯನ್ನು ಸೂರ್ಯನಿಗೆ ಬಿಟ್ಟುಕೊಡುತ್ತದೆ. ಅದಕ್ಕೇ ನಮ್ಮ ಹಿರಿಯರು ಟೊಪ್ಪಿಗೆ ಹಾಕಿಕೊಂಡು, ಹೊಲಕ್ಕೆ ಹೊರಟಾಗ ಮೇಲೊಂದು ಟಾವೆಲು ಸುತ್ತುವುದನ್ನು ಬಿಡಲಿಲ್ಲ.

ರುಮಾಲು ಬದುಕಿರುವುದನ್ನು ನೋಡಬೇಕೆಂದರೆ ಯುಗಾದಿಗೆ ಮುಂಚೆ ಶ್ರೀಶೈಲದ ದಾರಿ ಹಿಡಿಯಬೇಕು. ಈ ನಾಲ್ಕೂ ತಾಲೂಕುಗಳಿಂದ, ಸುತ್ತಲಿನ ಜಿಲ್ಲೆಗಳಿಂದ ಮಲ್ಲಯ್ಯನ ಭಕ್ತರು ಸಾವಿರಾರು ಮಂದಿ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಕಂಬಿ ಹೊತ್ತವರು, ನಂದಿಕೋಲು ಹಿಡಿದವರು, ಬೆನ್ನಿಗೆ ಚೀಲ ಕಟ್ಟಿದ ಹುಡುಗರು, ಮುದುಕಿಯರು. ಫಾಲ್ಗುಣದ ಬಿಸಿಲಿನಲ್ಲಿ ರಾಯಚೂರು, ಕರ್ನೂಲಿನ ಸೀಮೆ ದಾಟಿ ನಲ್ಲಮಲದ ಕಾಡು ಹೊಗುವವರೆಗೆ ಅವರ ತಲೆಯ ಮೇಲೆ ಅರಿವೆಯೇ ಆಸರೆ. ದಾರಿಯುದ್ದಕ್ಕೂ ಊರಿನವರು ಮಜ್ಜಿಗೆ, ಅಂಬಲಿ, ರೊಟ್ಟಿ ಇಟ್ಟುಕೊಂಡು ಕಾಯುತ್ತಾರೆ. ನೀರಿನ ಟ್ಯಾಂಕರಿನ ಮುಂದೆ ನಿಂತವರು ಮೊದಲು ಕುಡಿಯುವುದಿಲ್ಲ, ಟಾವೆಲು ತೋಯಿಸಿ ತಲೆಗೆ ಸುತ್ತಿಕೊಂಡು ಆಮೇಲೆ ಬೊಗಸೆ ಹಿಡಿಯುತ್ತಾರೆ. ಊರಿನಲ್ಲಿ ಕ್ರಿಕೆಟ್ ಟೊಪ್ಪಿಗೆ ಹಾಕುವ ಕಾಲೇಜು ಹುಡುಗನೂ ಎರಡನೆಯ ದಿನದ ನಡಿಗೆಗೆ ಅದನ್ನು ಚೀಲಕ್ಕೆ ಹಾಕಿ ಅಜ್ಜನ ಹಾಗೆ ಅರಿವೆ ಸುತ್ತಿಕೊಳ್ಳುತ್ತಾನೆ. ಕಲಿಸಿದವರು ಯಾರು? ಬಿಸಿಲೇ ಕಲಿಸಿತು, ಜೊತೆಗೆ ನಡೆಯುವ ಹಿರಿಯರು ಕೈ ಹಿಡಿದು ತಿದ್ದಿದರು.

ಈಗಿನ ಮದುವೆಗಳಲ್ಲಿ ರುಮಾಲು ಮತ್ತೆ ಕಾಣುತ್ತಿದೆ. ಬೀಗರೆಲ್ಲರಿಗೂ ಒಂದೇ ಬಣ್ಣದ ಫೇಟಾ, ಕಟ್ಟುವುದಕ್ಕೆ ಬಾಡಿಗೆಯವರು, ಊಟವಾದ ಮೇಲೆ ಬಿಚ್ಚಿ ಲೆಕ್ಕ ಮಾಡಿ ಒಪ್ಪಿಸುವುದು. ಕಣ್ಣಿಗೆ ಚೆಂದ, ಬೇಡವೆನ್ನುವುದಿಲ್ಲ. ಆದರೆ ಬಾಡಿಗೆಯ ಫೇಟಾ ಬಹುಮಟ್ಟಿಗೆ ಹೊಳೆಯುವ ನೈಲಾನು, ಪಾಲಿಯೆಸ್ಟರು. ಬೆವರು ಹೀರುವುದಿಲ್ಲ, ಮೇ ತಿಂಗಳ ಮುಹೂರ್ತದಲ್ಲಿ ಹಣೆ ಸುಡುತ್ತದೆ. ಕೂಗಳತೆಯಲ್ಲಿ ರಬಕವಿ-ಬನಹಟ್ಟಿಯ ಮಗ್ಗಗಳಿವೆ. ಕೈಮಗ್ಗದವರು ಕಡಿಮೆಯಾದರು, ವಿದ್ಯುತ್ ಮಗ್ಗದವರು ನೂಲಿನ ಬೆಲೆಗೂ ಅರಿವೆಯ ಬೆಲೆಗೂ ನಡುವೆ ಸಿಕ್ಕು ಏದುಸಿರು ಬಿಡುತ್ತಿದ್ದಾರೆ. ಮದುವೆ ಮಾಡುವ ಮನೆಯವರು ಆಯೇರಿಯ ರುಮಾಲನ್ನು, ಟಾವೆಲನ್ನು ಈ ಊರಿನ ನೇಕಾರರ ಹತ್ತಿರವೇ, ಶುದ್ಧ ಹತ್ತಿಯಲ್ಲೇ ನೇಯಿಸಿಕೊಂಡರೆ ಎರಡೂ ಮನೆಗೆ ಒಳಿತು. ಪಡೆದವರು ಅದನ್ನು ಟ್ರಂಕಿನಲ್ಲಿ ಇಡುವುದಿಲ್ಲ, ತಲೆಗೆ ಸುತ್ತುತ್ತಾರೆ.

ಇನ್ನೊಂದು ಮಾತನ್ನು ನಮ್ಮ ಶಾಲೆಯ ಗುರುಗಳಿಗೂ ತಾಯಂದಿರಿಗೂ ಹೇಳಬೇಕಾಗಿದೆ. ಹುಡುಗರಿಗೆ ಟೈ ಕಟ್ಟುವುದನ್ನು ಕಲಿಸುತ್ತೇವೆ. ಅವರ ಅಜ್ಜ ದಿನಾಲು ಮಾಡುತ್ತಿದ್ದ ಸುತ್ತನ್ನು ಕಲಿಸುವವರಿಲ್ಲ. ಪುಸ್ತಕ ನೋಡಿ ಕಲಿಯುವ ವಿದ್ಯೆಯಲ್ಲ ಅದು. ಕೈಯಿಂದ ಕೈಗೆ ಬರಬೇಕು, ಎಷ್ಟು ಬಿಗಿ, ಎಷ್ಟು ಓರೆ ಎಂಬುದನ್ನು ಬೆರಳು ಮುಟ್ಟಿ ತೋರಿಸಬೇಕು. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ರುಮಾಲು ಸುತ್ತಬಲ್ಲ ಹಿರಿಯರಿದ್ದರೆ ಈ ಬ್ಯಾಸಗಿ ಮುಗಿಯುವುದರೊಳಗೆ ಮಕ್ಕಳನ್ನು ಅವರ ಮುಂದೆ ಕೂರಿಸಿರಿ. ಹೊಲದ ಸುತ್ತು, ಹಬ್ಬದ ಸುತ್ತು, ಎರಡನ್ನೂ ಕಲಿಸಿಕೊಳ್ಳಿರಿ. ಮತ್ತು ಮಿರಗದ ಮಳೆ ಕೂಡುವವರೆಗೆ ಯಾರೂ ಬರಿದಲೆಯಲ್ಲಿ ಹೊಲಕ್ಕೆ, ಕೂಲಿಗೆ, ಸಂತೆಗೆ ಹೋಗಬೇಡಿರಿ. ಹತ್ತಿಯ ಅರಿವೆ ಒಂದನ್ನು ತೋಯಿಸಿ ತಲೆಗೆ, ಕಿವಿಗೆ, ಕುತ್ತಿಗೆಗೆ ಸುತ್ತಿಕೊಂಡೇ ಹೊರಡಿರಿ.